ಕಲಾಯಿ ಅಂಗಡಿಯ ಖಾಲಿ ಬಾಗಿಲು

ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ದೆವ್ವ, ಭೂತ, ಸತ್ತವರ ದನಿ ಕೇಳಿಸುವುದು, ಇಂಥವನ್ನು ನಾನು ಎಂದೂ ನಂಬಿದವನಲ್ಲ. ನಂಬದೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಂಬುವವರನ್ನು ಗೇಲಿ ಮಾಡುವ ಕೆಟ್ಟ ಚಟವೂ ನನಗಿತ್ತು. ನಮ್ಮ ಶಾಲೆಗೆ ಸೊರಟೂರಿನಿಂದ ಬರುವ ಗಣಿತದ ಮಾಸ್ತರರೊಬ್ಬರಿದ್ದಾರೆ. ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಅವರು ತಮ್ಮೂರ ದಾರಿಯ ಹುಣಸೆಮರದ ಕೆಳಗೆ ನಿಂತು ಬೈಕಿಗೆ ಕೈಮಾಡುವ ಹೆಂಗಸಿನ ಕಥೆ ತೆಗೆಯುತ್ತಿದ್ದರು. "ಹೆಣ್ಮಕ್ಕಳಿಗೆ ಈಗ ಬಸ್ ಫ್ರೀ ಐತಲ್ರಿ, ಆಕಿ ಇನ್ನೂ ಯಾಕ ಬೈಕಿಗೆ ಕೈ ಮಾಡ್ತಾಳ? ಆಧಾರ್ ಕಾರ್ಡ್ ಇಲ್ಲೇನ್ ಪಾಪ?" ಎಂದು ನಾನು ಕೇಳಿದರೆ ಇಡೀ ಸ್ಟಾಫ್ ರೂಮು ನಗುತ್ತಿತ್ತು. ಅವರು ಮಾತ್ರ ತಲೆ ತಗ್ಗಿಸಿ ರೊಟ್ಟಿ ಮುರಿಯುತ್ತಿದ್ದರು. ಈಗ ಅವರು ಆ ಕಥೆ ತೆಗೆದರೆ ನಾನು ಸುಮ್ಮನೆ ಕೇಳುತ್ತೇನೆ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಗದಗಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಕೆಲವು ವರ್ಷಗಳ ಹಿಂದೆ ಸಕ್ಕರೆ ಕಾಯಿಲೆ ಬಂತು. ದಿನಾ ಮುಕ್ಕಾಲು ಗಂಟೆ ನಡೆಯಿರಿ ಎಂದರು ಡಾಕ್ಟರು. ಸುಮ್ಮನೆ ನಡೆಯುವುದು ನನ್ನಿಂದಾಗದ ಕೆಲಸ. ಎರಡು ದಿನ ನಡೆದೆ, ಮೂರನೆಯ ದಿನ ಬೇಸರ ಬಂತು. ಆಗ ಒಂದು ಉಪಾಯ ಹೊಳೆಯಿತು. ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವರು ಕೊರಳಿಗೆ ತಟ್ಟೆ ಕಟ್ಟಿಕೊಳ್ಳುತ್ತಾರಲ್ಲ, ಹಾಗೆ ಒಂದು ಚಿತ್ರದ ಹಲಗೆಯನ್ನು ಕೊರಳಿಗೆ ನೇತುಹಾಕಿಕೊಂಡೆ. ಅದರ ಮೇಲೆ ಒಂದು ಹಾಳೆ ಬಟರ್ ಪೇಪರ್, ಕೆಳಗಿನದು ಕಾಣುವಂಥ ತೆಳು ಕಾಗದ. ಕೈಯಲ್ಲಿ ಒಂದು ಪೆನ್ಸಿಲ್ಲು. ನಿಯಮ ಎರಡೇ. ಪೆನ್ಸಿಲ್ಲು ಕಾಗದದಿಂದ ಮೇಲೇಳಬಾರದು, ಕಣ್ಣು ಕಾಗದದ ಕಡೆ ಇಳಿಯಬಾರದು. ಕಣ್ಣು ಬೀದಿಯ ಮೇಲೆ, ಅಂಗಡಿಯ ಸೂರಿನ ಅಂಚಿನಲ್ಲಿ, ಲೈಟಿನ ಕಂಬದಲ್ಲಿ, ಎದುರಿಗೆ ಬರುವವರ ಹೆಗಲಮೇಲೆ ಹರಿಯುತ್ತಿದ್ದರೆ ಕೈ ತನ್ನಷ್ಟಕ್ಕೆ ತಾನು ಗೆರೆ ಎಳೆಯುತ್ತದೆ. ಮನೆಗೆ ಬಂದು ನೋಡಿದರೆ ಇಡೀ ಬೀದಿ ಒಂದೇ ಎಳೆಯಲ್ಲಿ ನಿಂತಿರುತ್ತದೆ, ಸ್ವಲ್ಪ ಕುಡಿದವರ ಹಾಗೆ ವಾಲಿಕೊಂಡು.

ಹೀಗೆ ಗದಗ-ಬೆಟಗೇರಿಯ ಓಣಿಗಳನ್ನೆಲ್ಲ ನಡೆದೆ. ರಜೆ ಇದ್ದಾಗ ಲಕ್ಷ್ಮೇಶ್ವರದ ಬಜಾರಕ್ಕೂ ಮುಂಡರಗಿಗೂ ಹಲಗೆ ಹೊತ್ತುಕೊಂಡು ಹೋದೆ. ಮೊದಮೊದಲು ನನ್ನನ್ನು ಕಂಡರೆ ಅಂಗಡಿಯವರು ಗಾಬರಿಯಾಗುತ್ತಿದ್ದರು. ಹೊರಗಿಟ್ಟ ಪ್ಲಾಸ್ಟಿಕ್ ಕೊಡಗಳನ್ನು ಲಗುಬಗೆಯಿಂದ ಒಳಗೆ ಎಳೆದುಕೊಂಡು, "ರಸ್ತಾ ಮತ್ತ ಅಗಲ ಮಾಡ್ತಾರೇನ್ರಿ ಸರ?" ಎಂದು ಕೇಳುತ್ತಿದ್ದರು. ಮನೆಯಲ್ಲಿ ಹೆಂಡತಿಯದು ಬೇರೆ ತಕರಾರು. "ಕೊಳ್ಳಾಗ ಹಲಗಿ ಹಾಕ್ಕೊಂಡು ಊರ ತುಂಬಾ ತಿರಗತೀರಿ. ಮಂದಿ ನನಗ ಕೇಳ್ತಾರ, ಸರ್ ಈಗ ಏನ್ ಮಾರಾಕತ್ತಾರಂತ."

ಹಳೆಯ ಫೋಟೊಗಳು ಸಿಕ್ಕಿದ್ದು ಆಮೇಲೆ. ನಮ್ಮ ಓಣಿಯ ತುದಿಯಲ್ಲಿ ಈರಣ್ಣನ ಫೋಟೊ ಸ್ಟುಡಿಯೋ ಇತ್ತು. ಅವನ ತಂದೆಯ ಕಾಲದ್ದು. ಮೊಬೈಲು ಬಂದಮೇಲೆ ಪಾಸ್‌ಪೋರ್ಟ್ ಸೈಜಿನ ಫೋಟೊಕ್ಕೂ ಯಾರೂ ಬರದಾದಾಗ ಈರಣ್ಣ ಅಂಗಡಿ ಮುಚ್ಚಿದ. ಮುಚ್ಚುವ ದಿನ ನನ್ನನ್ನು ಕರೆದು ಒಂದು ತಗಡಿನ ಟ್ರಂಕು ತೋರಿಸಿದ. ಅರವತ್ತು ವರ್ಷದ ಹಿಂದೆ ಊರಿನ ಕೆಲವು ಬೀದಿಗಳನ್ನು ಅಗಲ ಮಾಡುವ ಮುಂಚೆ ಮುನ್ಸಿಪಾಲಿಟಿಯವರು ಪ್ರತಿಯೊಂದು ಮನೆ, ಪ್ರತಿಯೊಂದು ಅಂಗಡಿಯ ಫೋಟೊ ತೆಗೆಸಿದ್ದರಂತೆ. ಆ ಕೆಲಸ ಅವನ ತಂದೆಗೆ ಬಂದಿತ್ತು. ಮನೆಯ ಯಜಮಾನ ತನ್ನ ಬಾಗಿಲಲ್ಲಿ ನಿಂತಿರಬೇಕು, ಆಗಲೇ ಫೋಟೊ ಹೊಡೆಯಬೇಕು, ಅದು ಕ್ರಮ. ಆ ಫಿಲ್ಮುಗಳೆಲ್ಲ ಟ್ರಂಕಿನಲ್ಲಿದ್ದವು, ಒಂದೊಂದು ಕಾಗದದ ಲಕೋಟೆಯಲ್ಲಿ, ಮೇಲೆ ಪೆನ್ಸಿಲ್ಲಿನಲ್ಲಿ ಓಣಿಯ ಹೆಸರು. "ಒಯ್ರಿ ಸರ, ಗುಜರಿಗೆ ಹಾಕಾಕ ಮನಸ್ಸು ಒಪ್ಪವಲ್ದು" ಎಂದ ಈರಣ್ಣ.

ಅವನ್ನು ಸ್ಕ್ಯಾನ್ ಮಾಡಿಸಿ ನನ್ನ ಬಟರ್ ಪೇಪರಿನ ಅಳತೆಗೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅದೇ ಬೀದಿಯಲ್ಲಿ ನಡೆದು ಎಳೆದ ಗೆರೆಯನ್ನು ಫೋಟೊದ ಮೇಲೆ ಹೊದಿಸಿದೆ. ಕೆಳಗೆ ಅಂದಿನ ಬೀದಿ, ಮೇಲೆ ಇಂದಿನ ಗೆರೆ. ಎರಡೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಹೊಂದದಿರುವುದೇ ಅದರ ಚೆಂದವಾಗಿತ್ತು. ರುಮಾಲು ಸುತ್ತಿಕೊಂಡು ಬಾಗಿಲಲ್ಲಿ ನಿಂತ ಅಜ್ಜನ ತಲೆಯೊಳಗಿಂದ ಮೊಬೈಲ್ ಟವರು ಎದ್ದಿರುತ್ತಿತ್ತು. ಎತ್ತಿನ ಬೆನ್ನಮೇಲೆ ಬ್ಯೂಟಿ ಪಾರ್ಲರಿನ ಬೋರ್ಡು. ಇಪ್ಪತ್ತು ಚಿತ್ರಗಳಾದಮೇಲೆ ಶಾಲೆಯ ಹಾಲಿನಲ್ಲಿ ಮೂರು ದಿನದ ಒಂದು ಸಣ್ಣ ಪ್ರದರ್ಶನ ಇಟ್ಟೆ.

ಎರಡನೆಯ ದಿನ ಮಧ್ಯಾಹ್ನ ಒಬ್ಬ ವಯಸ್ಸಾದ ಹೆಂಗಸು ಒಬ್ಬರೇ ಬಂದರು. ತಲೆಯಮೇಲೆ ಸೆರಗು, ಕೈಯಲ್ಲಿ ಒಂದು ಭೂತಗನ್ನಡಿ. ಅದನ್ನು ಹಿಡಿದುಕೊಂಡು, ಮೂಗು ತಾಗುವಷ್ಟು ಹತ್ತಿರ ನಿಂತು ಇಪ್ಪತ್ತೂ ಫೋಟೊ ನೋಡಿದರು. ನನ್ನ ಗೆರೆ ಅವರಿಗೆ ಅಡ್ಡಿಯಾಗಿತ್ತೆಂದು ಕಾಣುತ್ತದೆ, ಬಟರ್ ಪೇಪರನ್ನು ಪರದೆ ಸರಿಸಿದ ಹಾಗೆ ಬೆರಳಿನಿಂದ ಎತ್ತಿ ಎತ್ತಿ ನೋಡುತ್ತಿದ್ದರು. ನನಗೆ ಸ್ವಲ್ಪ ಸಿಟ್ಟೇ ಬಂದಿತ್ತು. ಕೊನೆಗೆ ನನ್ನ ಹತ್ತಿರ ಬಂದು ಕೇಳಿದರು.

"ಮಾಸ್ತರ್ರ, ಇದರಾಗ ಕಲಾಯಿ ಅಂಗಡಿದು ಒಂದೂ ಇಲ್ಲೇನ್ರಿ?"

ಹೆಸರು ಜೈನಾಬಿ. ಬೆಟಗೇರಿಯಲ್ಲಿ ಕೌದಿ ಹೊಲಿಯುವವರು. ಅವರ ತಂದೆ ಗದಗಿನ ಹಳೇ ಬಜಾರದ ಒಂದು ಓಣಿಯಲ್ಲಿ ಹಿತ್ತಾಳೆ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದರಂತೆ. ಸ್ಟೀಲು ಬರುವ ಮುಂಚೆ ಎಲ್ಲರ ಮನೆಯ ಪಾತ್ರೆಗಳೂ ವರ್ಷಕ್ಕೊಮ್ಮೆಯಾದರೂ ಅಂಥ ಅಂಗಡಿಗೆ ಹೋಗಿ ಒಳಗೆಲ್ಲ ಬೆಳ್ಳಗೆ ಮಾಡಿಸಿಕೊಂಡು ಬರುತ್ತಿದ್ದವು. ಜೈನಾಬಿಗೆ ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರದೊಂದು ಫೋಟೊ ಇಲ್ಲ.

"ಫೋಟೋದವರು ನಮ್ಮ ಓಣಿಗೂ ಬಂದಿದ್ರರಿ. ಆವತ್ತ ನಾನು ಅಲ್ಲೇ ಇದ್ದೆ. ಅಪ್ಪ ಅದರಾಗ ಬಂದಾನೋ ಇಲ್ಲೋ, ಅಷ್ಟ ನೋಡಬೇಕಾಗಿತ್ರಿ."

ಹುಡುಕಿ ನೋಡೋಣ, ಅವಸರವೇನಿದೆ ಎಂದೆ. ಅವಸರವಿತ್ತು. ಕಣ್ಣಿನ ನರ ಒಣಗುತ್ತಿದೆ, ಔಷಧ ಹಾಕಿದರೆ ಸ್ವಲ್ಪ ತಡವಾಗಬಹುದು ಅಷ್ಟೆ, ಆಪರೇಷನ್ನಿನಿಂದ ಉಪಯೋಗವಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರಂತೆ. ಆಗಲೇ ಸುತ್ತಲೂ ಕತ್ತಲು ಕಟ್ಟಿ, ನಡುವೆ ಒಂದು ಬಟ್ಟಲಿನಷ್ಟು ಬೆಳಕು ಮಾತ್ರ ಉಳಿದಿತ್ತು.

"ಅಪ್ಪನ ದನಿ ನೆನಪೈತ್ರಿ. ಕೈ ನೆನಪದಾವ. ಮಾರಿ ಮಾತ್ರ ಅಳಿಸಿ ಹೋಗೇತಿ. ಕಣ್ಣ ಹೋಗೂದ್ರಾಗ ಒಮ್ಮಿ ನೋಡಿಬಿಟ್ರ ಆತು, ಆಮ್ಯಾಲೆ ಕತ್ತಲಾದ್ರೂ ನಡೀತೈತಿ."

ನನ್ನ ತಂದೆಯ ಫೋಟೊಗಳು ಒಂದು ಆಲ್ಬಮ್ಮಿನ ತುಂಬ ಕಪಾಟಿನಲ್ಲಿವೆ. ತೆಗೆದು ನೋಡಿ ಎಷ್ಟು ವರ್ಷವಾಯಿತೋ ನೆನಪಿಲ್ಲ. ಆ ಮಾತು ಕೇಳಿ ನನಗೆ ನಾಚಿಕೆಯಾಯಿತು. ಹುಡುಕಿಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟೆ.

ಮೂರು ವಾರ ಹಿಡಿಯಿತು. ದಿನಾ ಶಾಲೆಯಿಂದ ಬಂದು ಕಿಟಕಿಯ ಬೆಳಕಿಗೆ ಒಂದೊಂದೇ ಫಿಲ್ಮು ಹಿಡಿದು ನೋಡುವುದು. ಫಿಲ್ಮಿನಲ್ಲಿ ಕರಿಯದು ಬಿಳಿ, ಬಿಳಿಯದು ಕರಿ. ಸಂಜೆಯ ಹೊತ್ತಿಗೆ ನನ್ನ ಹೆಂಡತಿಯ ಮುಖವೂ ಹಾಗೇ ಕಾಣತೊಡಗುತ್ತಿತ್ತು. ಕೊನೆಗೆ ಒಂದು ಸಿಕ್ಕಿತು. ಒಂದು ಬೇವಿನ ಮರ, ಅದರ ಮಗ್ಗುಲಲ್ಲಿ ತಗ್ಗಾದ ಹೆಂಚಿನ ಅಂಗಡಿ, ಮುಂದೆ ಮೂರು ಕಲ್ಲಿನ ಮೆಟ್ಟಿಲು. ಬಾಗಿಲ ಹತ್ತಿರ ನೆಲದಲ್ಲಿ ಒಂದು ಒಲೆ, ಗೋಡೆಗೆ ಬೋರಲು ಹಾಕಿದ ಕೊಡ, ತಪ್ಪೇಲಿ. ಪಕ್ಕದ ಅಂಗಡಿಯ ಬಾಗಿಲಲ್ಲಿ ಅಂಗಿ ಧೋತರದ ಒಬ್ಬ ಮನುಷ್ಯ ಉಸಿರು ಬಿಗಿಹಿಡಿದು ನಿಂತಿದ್ದ. ಕಲಾಯಿ ಅಂಗಡಿಯ ಬಾಗಿಲಲ್ಲಿ ಮಾತ್ರ ಯಾರೂ ಇರಲಿಲ್ಲ. ಒಲೆಯಿಂದ ಹೊಗೆ ಏಳುತ್ತಿತ್ತು, ಅಷ್ಟೆ.

ಪ್ರಿಂಟ್ ಹಾಕಿಸಿದೆ. ಆದರೆ ಖಾಲಿ ಬಾಗಿಲು ತೆಗೆದುಕೊಂಡು ಹೋಗಿ ಜೈನಾಬಿಯ ಕೈಯಲ್ಲಿಡಲು ಮನಸ್ಸು ಬರಲಿಲ್ಲ. ಇದು ಅವರ ಅಂಗಡಿ ಅಲ್ಲದೆಯೂ ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಲಕೋಟೆಯ ಮೇಲೆ ಓಣಿಯ ಹೆಸರಿತ್ತು. ಒಮ್ಮೆ ಹೋಗಿ ಜಾಗ ನೋಡಿಕೊಂಡು ಬರೋಣ, ಹೇಗೂ ನಡೆಯುವುದು ಇದ್ದೇ ಇದೆ ಎಂದು ಹಲಗೆ ಹಾಕಿಕೊಂಡು ಹೊರಟೆ.

ಫಾಲ್ಗುಣದ ಬಿಸಿಲು. ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ಅಂದು ಅಲ್ಲಿಯ ಅಂಗಡಿಗಳಿಗೆ ವಾರದ ರಜೆ, ಶಟರುಗಳೆಲ್ಲ ಇಳಿದಿದ್ದವು. ಅದು ಈಗ ಓಣಿಯಲ್ಲ, ಎರಡು ಲಾರಿ ಎದುರುಬದುರಾಗಿ ಹೋಗುವಷ್ಟು ಅಗಲದ ರಸ್ತೆ. ಮೊಬೈಲ್ ಅಂಗಡಿ, ಚಪ್ಪಲಿ ಅಂಗಡಿ, ಒಂದು ಬೇಕರಿ. ಮರವಿಲ್ಲ, ಹೆಂಚಿಲ್ಲ. ಫೋಟೊ ನನ್ನ ತಲೆಯಲ್ಲಿ ಅಚ್ಚೊತ್ತಿತ್ತು: ಎಡಕ್ಕೆ ಮರ, ಬಲಕ್ಕೆ ಅಂಗಡಿ. ಅದೇ ಲೆಕ್ಕದಲ್ಲಿ ಎಡಗಡೆ ನೋಡುತ್ತ, ಪೆನ್ಸಿಲ್ಲು ಊರಿ ನಡೆಯತೊಡಗಿದೆ.

ಗದಗಿನಲ್ಲಿ ಗಾಳಿ ಪೂರ್ತಿ ನಿಂತದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ಏನಿಲ್ಲವೆಂದರೂ ಬೀದಿಯಲ್ಲಿ ಒಂದು ಫ್ಲೆಕ್ಸಾದರೂ ಪಟಪಟ ಅನ್ನುತ್ತಿರುತ್ತದೆ. ಅವತ್ತು ನಡೆಯುತ್ತ ನಡೆಯುತ್ತ ಆ ಪಟಪಟ ನಿಂತುಹೋಯಿತು. ಮೊದಲು ಅದು ನನ್ನ ಗಮನಕ್ಕೆ ಬರಲಿಲ್ಲ. ಪೆನ್ಸಿಲ್ಲು ಕಾಗದದ ಮೇಲೆ ಸರಿಯುವ ಸದ್ದು ಕೇಳಿಸತೊಡಗಿದಾಗ ಗೊತ್ತಾಯಿತು. ಮಧ್ಯಾಹ್ನ ಉಂಡು ಮಲಗಿದಾಗ ನಿದ್ದೆ ಹತ್ತುವ ಮುಂಚೆ ಅಡುಗೆಮನೆಯ ಸದ್ದುಗಳೆಲ್ಲ ದೂರ ದೂರ ಹೋಗುತ್ತವಲ್ಲ, ಹಾಗಿತ್ತು. ಹೆದರಿಕೆ ಎಳ್ಳಷ್ಟೂ ಆಗಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇಂಥ ಅನುಭವ ಬರೆಯುವವರೆಲ್ಲ ಮೈ ನಡುಗಿತು ಎಂದೇ ಬರೆಯುತ್ತಾರೆ. ನನಗೆ ಹಿತವಾಗಿತ್ತು.

ಬಲಗಡೆಯಿಂದ ನೆರಳು ಬಂತು. ತಣ್ಣಗೆ, ಭುಜದ ಮೇಲೆ. ಕಟ್ಟಡದ ನೆರಳಲ್ಲ, ತೂತು ತೂತಾದ ನೆರಳು. ಕಣ್ಣು ತಾನಾಗಿ ಆ ಕಡೆ ಹೊರಳಿತು, ಪೆನ್ಸಿಲ್ಲೂ ಹೊರಳಿತು. ಆಮೇಲೆ ನವಸಾಗರದ ಹೊಗೆಯ ವಾಸನೆ. ಕಾದ ಪಾತ್ರೆಗೆ ಆ ಬಿಳಿ ಪುಡಿ ಹಾಕಿ ಉಜ್ಜಿದಾಗ ಮೂಗಿಗೆ ಚುರ್ ಎನ್ನುವ ವಾಸನೆ ಅದು. ಚಿಕ್ಕವನಿದ್ದಾಗ ಕಳಸಾಪುರದ ಅಜ್ಜಿಯ ಮನೆಯಲ್ಲಿ ಕಂಡದ್ದು. ನಲವತ್ತು ವರ್ಷದಿಂದ ನಾನು ಅದನ್ನು ಮೂಸಿರಲಿಲ್ಲ. ನಾನು ನಿಂತೆ. ಎದುರಿಗೆ ಏನು ಕಂಡೆ ಎಂದು ನೀವು ಕೇಳಿದರೆ ಸರಿಯಾಗಿ ಹೇಳಲಾರೆ. ಶಟರು ಕಂಡೆನೋ, ಮೆಟ್ಟಿಲು ಕಂಡೆನೋ. ಕಣ್ಣು ಯಾವುದೋ ಅಂಚಿನ ಮೇಲೆ ಹರಿಯುತ್ತಿತ್ತು, ಕೈ ಅದರ ಹಿಂದೆ ಹೋಗುತ್ತಿತ್ತು. ಎಡಗಡೆಯಿಂದ, ಸ್ವಲ್ಪ ದೂರದಿಂದ, ಒಬ್ಬ ಗಂಡಸಿನ ದನಿ ಕೇಳಿಸಿತು.

"ತಡೀರಿ, ತಡೀರಿ... ಬಂದೆ, ಬಂದೆ."

ಓಡುತ್ತ ಬರುವವರ ದನಿ. ಯಾರೋ ಆಟೋ ನಿಲ್ಲಿಸುತ್ತಿದ್ದಾರೆ ಎಂದುಕೊಂಡೆ. ಮುಂಗೈ ಮೇಲೆ ಎರಡು ಮೂರು ತಣ್ಣನೆಯ ಹನಿ ಬಿದ್ದವು. ಆಮೇಲೆ ಬಹಳ ಹೊತ್ತು ಕೈ ಒಂದೇ ಜಾಗದಲ್ಲಿ ಸುತ್ತುತ್ತಿತ್ತು, ಸುತ್ತುತ್ತಿತ್ತು.

"ಏ ಸರ! ರಸ್ತಾದ ನಟ್ಟನಡುವ ನಿಂತು ಏನ್ ಬರಿಯಾಕತ್ತೀರಿ? ನನಗ ಜೇಲ್ ಆಗಲಿ ಅಂತೇನ್?" ಇದು ನಿಜವಾದ ಆಟೋದವನ ಬೈಗಳು. ನೋಡಿದರೆ ನಾನು ರಸ್ತೆಯ ಮಧ್ಯದಲ್ಲಿದ್ದೆ. ಫ್ಲೆಕ್ಸು ಮತ್ತೆ ಪಟಪಟ ಅನ್ನುತ್ತಿತ್ತು. ಮೊಬೈಲು ತೆಗೆದು ನೋಡಿದರೆ ಆ ರಸ್ತೆಗೆ ಕಾಲಿಟ್ಟು ಅರ್ಧ ಗಂಟೆಯ ಮೇಲಾಗಿತ್ತು. ಆ ರಸ್ತೆ ಇಡಿಯಾಗಿ ನಡೆದರೂ ಐದು ನಿಮಿಷದ್ದು.

ಮನೆಗೆ ಬಂದವನೇ ಸಕ್ಕರೆ ನೋಡಿಸಿಕೊಂಡೆ. ಅದು ಇಳಿದು ತಲೆ ಸುತ್ತಿರಬೇಕು ಎಂಬುದು ನನ್ನ ಲೆಕ್ಕ. ಸರಿಯಾಗಿಯೇ ಇತ್ತು. ನಿಜ ಹೇಳುತ್ತೇನೆ, ಸಕ್ಕರೆ ಸರಿಯಾಗಿದೆ ಎಂದು ನನಗೆ ಬೇಸರವಾದದ್ದು ಅದೊಂದೇ ಸಲ. ಆಮೇಲೆ ಕಾಗದವನ್ನು ಫೋಟೊದ ಮೇಲಿಟ್ಟೆ. ಒಂದಕ್ಕೊಂದು ಸಂಬಂಧವೇ ಇಲ್ಲ. ಫೋಟೊದಲ್ಲಿ ಮರ ಎಡಕ್ಕಿದ್ದರೆ ಗೆರೆಯಲ್ಲಿ ಬಲಕ್ಕೆ ಏನೋ ಗುಂಡಗೆ ಹಬ್ಬಿತ್ತು. ಎಡಕ್ಕೆ ಗೆರೆ ಗಂಟು ಗಂಟಾಗಿ ಸಿಕ್ಕುಬಿದ್ದಿತ್ತು, ಬೆಕ್ಕು ಆಡಿ ಬಿಟ್ಟ ನೂಲಿನ ಉಂಡೆಯ ಹಾಗೆ. ಆ ಗಂಟಿನ ಹತ್ತಿರ ಕಾಗದ ಮೂರು ನಾಲ್ಕು ಕಡೆ ಹನಿಬಿದ್ದು ಸುಕ್ಕಾಗಿತ್ತು. ಬೆವರು ಎಂದುಕೊಂಡೆ. ಬಿಸಿಲಿಗೆ ನಿಂತೇ ತೂಕಡಿಸಿದ್ದೇನೆ, ಮತ್ತೇನಲ್ಲ. ಮನಸ್ಸು ಹಗುರಾಗಿ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದೆ. ಹೆಂಡತಿಗೂ ಏನೂ ಹೇಳಲಿಲ್ಲ.

ಎರಡು ದಿನ ಬಿಟ್ಟು ಜೈನಾಬಿಯ ಮನೆಗೆ ಹೋದೆ. ಖಾಲಿಯೋ ತುಂಬಿದೆಯೋ, ಇದ್ದದ್ದನ್ನು ತೋರಿಸಿಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿ ಹೋದೆ. ಫೋಟೊ, ಬಟರ್ ಪೇಪರ್ ಎರಡೂ ಒಂದೇ ಸುರುಳಿಯಲ್ಲಿದ್ದವು, ಬೇರೆ ಮಾಡುವ ಗೋಜಿಗೆ ಹೋಗಿರಲಿಲ್ಲ. ಪಕ್ಕದ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಅವರು ಬಾಗಿಲ ಬೆಳಕಿನಲ್ಲಿ ಕೂತು ಫೋಟೊವನ್ನು ಮೊಣಕಾಲ ಮೇಲೆ ಹಾಸಿಕೊಂಡು, ಭೂತಗನ್ನಡಿಯನ್ನು ಒಂದು ಮೂಲೆಯಿಂದ ಸರಿಸುತ್ತ ಬಂದರು. ಪಕ್ಕದ ಅಂಗಡಿಯ ಮನುಷ್ಯನ ಮೇಲೆ ಅದು ನಿಂತಿತು.

"ಇಂವಾ ನಮ್ಮ ಬಾಜೂಕಿನ ಶಿವಪ್ಪಣ್ಣ ಇದ್ದಂಗ ಅದಾನ್ರಿ. ಖರೆ, ಕಿಸೆ ಯಾಕ ಬಲಕ್ಕೈತಿ?"

ನನಗೆ ತಿಳಿಯಲಿಲ್ಲ.

"ಅಂಗಿ ಕಿಸೆ ನೋಡ್ರಿ ಮಾಸ್ತರ್ರ. ಎದಿ ಬಲಮಗ್ಗಲಕ್ಕ ಐತಿ. ಯಾವ ಶಿಂಪಿಗ ಹಿಂಗ ಹಚ್ಚತಾನ್ರಿ?"

ಜೀವನವಿಡೀ ಸೂಜಿ ಹಿಡಿದವರ ಕಣ್ಣು, ಅಷ್ಟು ಕತ್ತಲಾಗಿದ್ದರೂ ಅದನ್ನು ಕಂಡಿತು. ಚಿತ್ರ ಕಲಿಸುವ ನಾನು ಮೂರು ದಿನ ಇಟ್ಟುಕೊಂಡೂ ಕಂಡಿರಲಿಲ್ಲ. ಫಿಲ್ಮಿಗೆ ಎರಡು ಮಗ್ಗುಲು, ಒಂದು ಹೊಳೆಯುತ್ತದೆ, ಒಂದು ಮಂದ. ಸ್ಕ್ಯಾನರಿನ ಮೇಲೆ ತಿರುಗಿಸಿ ಇಟ್ಟರೆ ಕನ್ನಡಿಯಲ್ಲಿ ಕಂಡ ಹಾಗೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರುತ್ತದೆ. ಅಂಗಡಿಗಳಿಗೆ ಬೋರ್ಡು ಇದ್ದಿದ್ದರೆ ಅಕ್ಷರ ತಿರುವುಮುರುವಾಗಿ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ಕಲಾಯಿ ಅಂಗಡಿಗೆ ಎಲ್ಲಿಯ ಬೋರ್ಡು? ಫೋಟೊ ಉಲ್ಟಾ ಆಗಿದೆ, ನನ್ನದೇ ತಪ್ಪು ಎಂದೆ.

"ಹಂಗಾದ್ರ ಇದಾ ನಮ್ಮ ಅಂಗಡಿ. ಬೇವಿನ ಗಿಡ ಬಲಕ್ಕಿತ್ತು" ಎಂದರು. ಭೂತಗನ್ನಡಿ ಮೆಟ್ಟಿಲು ಹತ್ತಿ ಬಾಗಿಲಿಗೆ ಬಂತು. ಅಲ್ಲೇ ನಿಂತಿತು. ಎಷ್ಟೋ ಹೊತ್ತು ನಿಂತಿತು.

"ಇಲ್ಲರಿ" ಎಂದರು. "ಬರಲೇ ಇಲ್ಲ."

ಆಮೇಲೆ, ನನ್ನ ಕಡೆ ನೋಡದೆ, ಮೊದಲ ಸಲ ಪೂರ್ತಿ ಹೇಳಿದರು. ಅವತ್ತು ಫೋಟೊದವರು ಶಿವಪ್ಪಣ್ಣನ ಬಾಗಿಲಿಗೆ ಬಂದಾಗ ತಂದೆ ಒಲೆಯ ಮುಂದೆ ಕೂತಿದ್ದರು. ಮಸಿ ಮೆತ್ತಿ ಮುಖವೆಲ್ಲ ಕಪ್ಪಾಗಿತ್ತು.

"ನಾನಾ ಅಂದೆರಿ. 'ಅಪ್ಪಾ, ಹಿಂಗ ನಿಂತ್ರ ಮಾರಿ ಕಾಣಂಗಿಲ್ಲ, ತೊಳ್ಕೊಂಡು ಬಾ' ಅಂತ. ಓಣಿ ಆಚೆಗೆ ನಳ ಇತ್ತು. ಚರಿಗಿ ತುಂಬಿ ತುಂಬಿ ನಾನಾ ನೀರು ಹಾಕಿದೆ. ಅಷ್ಟರಾಗ ಫೋಟೋದವರು ನಮ್ಮ ಬಾಗಲಾ ಮುಂದ ಬಂದು ನಿಂತಿದ್ರು. ಅಪ್ಪ ಅಲ್ಲಿಂದನ ಒದರಿದಾ, 'ತಡೀರಿ, ತಡೀರಿ, ಬಂದೆ, ಬಂದೆ' ಅಂತ. ಹಸಿ ಮಾರೀಲೆ ಓಡಿದಾ. ಅವರು ತಡದರೋ ಇಲ್ಲೋ ನನಗ ಗೊತ್ತಿದ್ದಿಲ್ಲರಿ. ಚರಿಗಿ ತುಂಬಾಕ ನಾನು ಅಲ್ಲೇ ನಿಂತೆ. ಅರವತ್ತ ವರ್ಷದಿಂದ ಇದೊಂದಾ ಕೇಳ್ಕೊಂತ ಬಂದೇನಿ. ನಾ ಸುಮ್ನಿದ್ದಿದ್ರ ಮಸಿ ಮಾರಿನರ ಬರತಿತ್ತಲ್ಲರಿ."

ಆ ದನಿಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಹನಿಯ ವಿಷಯವನ್ನಂತೂ ಮರೆತೇಬಿಟ್ಟಿದ್ದೆ. ಮೈ ನಡುಗಲಿಲ್ಲ ಎಂದು ಆಗ ಬರೆದೆನಲ್ಲ, ಈಗ ನಡುಗಿತು. ಪಕ್ಕದ ಮನೆಯ ಮಗ್ಗ ನಡೆಯುತ್ತಲೇ ಇತ್ತು. ನಾನು ಸುರುಳಿಯಲ್ಲಿ ಉಳಿದಿದ್ದ ಬಟರ್ ಪೇಪರನ್ನು ಬಿಚ್ಚಿದೆ. ಆ ಕಾಗದಕ್ಕೆ ಒಂದು ಗುಣವಿದೆ, ತಿರುವಿ ಹಾಕಿದರೂ ಗೆರೆ ಕಾಣುತ್ತದೆ. ತಿರುವಿದೆ. ತಿರುವಿ ಅವರ ಮೊಣಕಾಲ ಮೇಲಿದ್ದ ಆ ಉಲ್ಟಾ ಫೋಟೊದ ಮೇಲೆ ಹಾಸಿದೆ.

ಕೂತುಬಿಟ್ಟಿತು. ಮರಕ್ಕೆ ಮರ, ಸೂರಿಗೆ ಸೂರು, ಮೂರು ಮೆಟ್ಟಿಲಿಗೆ ಮೂರು ಮೆಟ್ಟಿಲು. ಇಪ್ಪತ್ತು ಚಿತ್ರಗಳಲ್ಲಿ ಒಮ್ಮೆಯೂ ಹೊಂದದ ಗೆರೆ ಕೂದಲೆಳೆಯಷ್ಟೂ ಸರಿಯದೆ ಹೊಂದಿತು. ಆ ಗಂಟುಗಂಟಾದ ಸಿಕ್ಕು ಬಂದು ಕೂತದ್ದು ಕಲಾಯಿ ಅಂಗಡಿಯ ಖಾಲಿ ಬಾಗಿಲಿನಲ್ಲಿ.

ಜೈನಾಬಿ ಭೂತಗನ್ನಡಿಯನ್ನು ಮತ್ತೆ ಬಾಗಿಲಿಗೆ ತಂದರು. ತುಂಬ ಹತ್ತಿರ ಬಾಗಿದರು. ಕಾಗದದ ಸುಕ್ಕುಗಳ ಮೇಲೆ ಬೆರಳಾಡಿಸಿದರು. ಅವರ ಕೈಯಿಂದ ಗಾಜು ಜಾರಿ ಮಡಿಲಿಗೆ ಬಿತ್ತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಳುತ್ತಲೋ ನಗುತ್ತಲೋ ಗೊತ್ತಾಗದ ಹಾಗೆ, "ಬಂದಾನ್ರಿ ಮಾಸ್ತರ್ರ" ಎಂದರು. "ತಡಾ ಆದ್ರೂ ಬಂದಾನ."

ಓದುವವರಿಗೆ ನಾನು ಸುಳ್ಳು ಹೇಳಬಾರದು. ಆ ಗಂಟಿನಲ್ಲಿ ನನಗೆ ಯಾರ ಮುಖವೂ ಕಾಣಲಿಲ್ಲ. ಎಷ್ಟು ನೋಡಿದರೂ ಅದು ನೂಲಿನ ಸಿಕ್ಕೇ. ಅವರಿಗೆ ಕಂಡಿತು. ಹುಬ್ಬು ಇಲ್ಲಿ, ಗಲ್ಲದ ಮೇಲಿನ ಗಾಯದ ಗುರುತು ಇಲ್ಲಿ ಎಂದು ತೋರಿಸಿದರು. ಕಾಗದ ಅವರಿಗೇ ಕೊಟ್ಟು ಬಂದೆ.

ಆಮೇಲೆ ನಾನು ನನ್ನ ಬುದ್ಧಿಗೆ ಎಷ್ಟು ಕೆಲಸ ಕೊಡಬಹುದೋ ಅಷ್ಟೂ ಕೊಟ್ಟೆ. ಫೋಟೊ ತಲೆಯಲ್ಲಿತ್ತು, ಅದನ್ನೇ ಕೈ ಗೀಚಿತು ಎನ್ನೋಣ. ಹಾಗಿದ್ದರೆ ನಾನು ನೋಡಿದ ಉಲ್ಟಾ ಫೋಟೊವನ್ನೇ ಗೀಚಬೇಕಿತ್ತಲ್ಲ? ಸುಲ್ಟಾ, ನಿಜವಾದ ದಿಕ್ಕಿನಲ್ಲಿ, ಹೇಗೆ ಬಂತು? ಆ 'ತಡೀರಿ, ಬಂದೆ' ಎಂಬ ಮಾತನ್ನು ಜೈನಾಬಿ ಮೊದಲ ದಿನವೇ ಹೇಳಿದ್ದಿರಬೇಕು, ನಾನು ಮರೆತಿರಬೇಕು ಎಂದೂ ಯೋಚಿಸಿದೆ. ಅವರನ್ನು ಕೇಳಿದೆ, ಹೇಳಿಲ್ಲ ಎಂದರು. ಕೊನೆಗೆ ನಾಚಿಕೆ ಬಿಟ್ಟು ಸೊರಟೂರಿನ ಗಣಿತದ ಮಾಸ್ತರರಿಗೆ ಎಲ್ಲ ಹೇಳಿದೆ. ಸೇಡು ತೀರಿಸಿಕೊಳ್ಳಲು ಅವರಿಗೆ ಅದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಅವರು ನಗಲಿಲ್ಲ. ತಮ್ಮ ಡಬ್ಬಿಯಿಂದ ಬದನೆಕಾಯಿ ಪಲ್ಯ ತೆಗೆದು ನನ್ನ ರೊಟ್ಟಿಯ ಮೇಲೆ ಹಾಕಿ, "ಉಣ್ರಿ ಸರ" ಎಂದರು.

ಇದಾಗಿ ಎರಡು ವರ್ಷವಾಯಿತು. ಆ ರಸ್ತೆಯಲ್ಲಿ ಎಷ್ಟೋ ಸಲ, ಬೇಕೆಂದೇ ಅದೇ ಹೊತ್ತಿಗೆ, ಹಲಗೆ ಹಾಕಿಕೊಂಡು ನಡೆದಿದ್ದೇನೆ. ಶಟರು, ಕಂಬ, ವಾಯರು ಬಿಟ್ಟರೆ ಮತ್ತೇನೂ ಕಾಗದಕ್ಕೆ ಬರುವುದಿಲ್ಲ. ಆಟೋದವನಿಗೆ ನನ್ನ ಗುರುತು ಸಿಕ್ಕಿದೆ, ದೂರದಿಂದಲೇ ಹಾರ್ನು ಹೊಡೆಯುತ್ತಾನೆ.

ಮೊನ್ನೆ ದೀಪಾವಳಿಯ ಮುಂದೆ ಜೈನಾಬಿಯನ್ನು ನೋಡಿಕೊಂಡು ಬರಲು ಹೋಗಿದ್ದೆ. ಕಣ್ಣಿನ ಆ ಬಟ್ಟಲಿನಷ್ಟು ಬೆಳಕೂ ಹೋಗಿದೆ. ಆದರೆ ಹೋಗುವ ಮುಂಚೆ ಅವರು ಮೂರು ತಿಂಗಳು ಕೂತು ಒಂದು ಕೆಲಸ ಮಾಡಿ ಮುಗಿಸಿದ್ದರು. ನನ್ನ ಬಟರ್ ಪೇಪರನ್ನು ಒಂದು ಬಿಳಿ ಬಟ್ಟೆಯ ಮೇಲಿಟ್ಟು, ಗೆರೆಯ ಮೇಲೆಯೇ ಒಂದೊಂದು ಹೊಲಿಗೆ ಹಾಕುತ್ತ ಹೋಗಿ, ಆಮೇಲೆ ಕಾಗದ ಹರಿದು ತೆಗೆದಿದ್ದರು. ಅದನ್ನು ಮೇಲುಹಾಸು ಮಾಡಿ ಒಂದು ಕೌದಿ ಹೊಲಿದಿದ್ದರು. ಈಗ ಅದು ಸದಾ ಅವರ ಮಡಿಲಲ್ಲಿರುತ್ತದೆ, ಬೆರಳು ಅದರ ಮೇಲೆ ಓಡಾಡುತ್ತಿರುತ್ತದೆ.

"ನಿಮಗ ಕಂಡಿಲ್ಲ ಅಂದಿದ್ರೆಲ್ಲ. ಕಣ್ಣ ಮುಚ್ಚಿ ಮುಟ್ಟಿ ನೋಡ್ರಿ" ಎಂದರು.

ಕಣ್ಣು ಮುಚ್ಚಿ ಬೆರಳಿಟ್ಟೆ. ದಪ್ಪ ದಾರದ ಸಣ್ಣ ಸಣ್ಣ ಹೊಲಿಗೆ. ಬೇವಿನ ಮರ ಸಿಕ್ಕಿತು. ಮೂರು ಮೆಟ್ಟಿಲು ಸಿಕ್ಕವು. ಬಾಗಿಲಿನ ಅಂಚು ಹಿಡಿದು ಒಳಗೆ ಹೋದೆ. ಅಲ್ಲಿ ಆ ಸಿಕ್ಕು. ಬೆರಳು ಅದರೊಳಗೆ ಸುತ್ತುತ್ತ ಸುತ್ತುತ್ತ, ಒಂದು ಹುಬ್ಬು ದಾಟಿತು. ಅದರ ಕೆಳಗೆ ಮುಚ್ಚಿದ ರೆಪ್ಪೆ. ಅಲ್ಲಿಂದ ಒಂದು ಮೂಗಿನ ದಿಂಡು ಹಿಡಿದು ಕೆಳಗಿಳಿಯುತ್ತಿದ್ದಂತೆ ನಾನು ಫಕ್ಕನೆ ಕೈ ತೆಗೆದುಬಿಟ್ಟೆ.

"ಯಾಕ್ರಿ ಮಾಸ್ತರ್ರ?" ಕಣ್ಣಿಲ್ಲದ ಮುಖವನ್ನು ನನ್ನ ಕಡೆ ತಿರುಗಿಸಿ ಜೈನಾಬಿ ಸಣ್ಣಗೆ ನಕ್ಕರು. "ಮಾರಿ ಇನ್ನಾ ಒದ್ದಿ ಐತೇನ್ರಿ?"

ನಾನು ಬೆರಳನ್ನು ಅಂಗಿಗೆ ಒರೆಸಿಕೊಂಡೆ.